ಯೆಜ್ಡಿ 250: ಪೌಡರ್ ಕೋಟಿಂಗ್ ಆದಮ್ಯಾಲೆ ಲೈಟ್ ಮಂದ. 12 ವೋಲ್ಟ್ ಮಾಡೂದೋ, ವಾಯರಿಂಗ್ ಬದಲಿಸೂದೋ?

ನವನಗರ_250:

ಎಲ್ಲಾರಿಗೂ ನಮಸ್ಕಾರ. ಗಾಡಿ 1975ರ ಯೆಜ್ಡಿ 250. 6 ವೋಲ್ಟ್ ಡೈನಮೊ, ಪಾಯಿಂಟ್ ಇಗ್ನಿಷನ್ (ತಗದು ಮುಚ್ಚಿ ಕಿಡಿ ಹುಟ್ಟಸೂ ಸ್ವಿಚ್). ಇಂಜಿನ್ ಕೆಲಸ ಮುಗದೈತಿ. ಚಾಸಿ, ಎರಡೂ ಮಡ್‌ಗಾರ್ಡ್, ಹೆಡ್‌ಲೈಟ್ ಡೋಮ್, ಬ್ಯಾಟರಿ ಪೆಟ್ಟಿಗಿ ಎಲ್ಲಾ ಬಿಚ್ಚಿ ಪೌಡರ್ ಕೋಟಿಂಗ್ ಮಾಡಿಸೇನಿ. ವಾಯರಿಂಗ್ ಮಾತ್ರ ಹಳೇದನ್ನ ವಾಪಸ್ ಕೂಡಿಸೇನಿ, ಬ್ಯಾಟರಿ ಹೊಸಾದು.

ಈಗಿನ ತ್ರಾಸು: ಸ್ಲೋ ಇದ್ದಾಗ ಹೆಡ್‌ಲೈಟ್ ಚಿಮಣಿ ಬುಡ್ಡಿ ಹಂಗ ಉರೀತೈತಿ. ಹಾರ್ನ್ ಒಮ್ಮೆ ಒದರತೈತಿ, ಒಮ್ಮೆ ಬರೇ ಕಿರಗುಟ್ಟತೈತಿ. ಲೈಟ್ ಬಂದ್ ಇಟ್ಟು ಬ್ರೇಕ್ ತುಳಿದ್ರ ಸ್ಪೀಡೊಮೀಟರ್ ಒಳಗಿನ ಬಲ್ಬ್ ಸಣ್ಣಗ ಹತ್ತತೈತಿ. ಆದ್ರ ಜೋರ್ ಹೊಡದ್ರ ಪೂರಾ ಉಲ್ಟಾ: ಸ್ಪೀಡೊಮೀಟರ್ ಬಲ್ಬ್ ಎರಡು ಸಲ ಸುಟ್ಟೈತಿ, ಬ್ಯಾಟರಿ ನೀರು ವಾರಕ್ಕೊಮ್ಮೆ ಇಳೀತೈತಿ.

"ಡೈನಮೊ ಹೋಗೈತಿ, 12 ವೋಲ್ಟ್ ಮಾಡಿಬಿಡ್ರಿ" ಅಂತಾರ ಕೇಳಿದವರೆಲ್ಲಾ. ಕೈಯಾಗ ಇರೂದು 8,000 ರೂಪಾಯಿ. ಅದರಾಗ ಎಲ್‌ಇಡಿ ಹೆಡ್‌ಲೈಟ್, ಇಂಡಿಕೇಟರ್, ಮೊಬೈಲ್ ಚಾರ್ಜರ್, ಒಂದು ಸಿಂಗಲ್ ಸೀಟ್, ತಗ್ಗು ಹ್ಯಾಂಡಲ್ ಆಗಬೇಕು. ಓಡಾಟ ದಿನಾ ಹುಬ್ಬಳ್ಳಿ-ಧಾರವಾಡ, ತಿಂಗಳಿಗೊಮ್ಮೆ ಗದಗ. ಯಾವುದರಿಂದ ಶುರು ಮಾಡ್ಲಿ?


ಆರು_ವೋಲ್ಟ್:

ಡೈನಮೊ ಮ್ಯಾಲೆ ಸಂಶಯ ಪಡೂಕಿಂತ ಮೊದಲ ಪೌಡರ್ ಕೋಟಿಂಗ್ ಮ್ಯಾಲೆ ಪಡ್ರಿ. ಲೈಟ್ ಮಂದ, ಬಲ್ಬ್ ಸುಡೂದು ಎರಡೂ ಒಂದ ಗಾಡ್ಯಾಗ ಬಂದ್ರ ಅದು ಹೆಚ್ಚಾಗಿ ಅರ್ಥ್ ತ್ರಾಸ. ಈ ಗಾಡಿಯೊಳಗ ಕರೆಂಟ್ ವಾಪಸ್ ಬರೂದು ಚಾಸಿ ಮ್ಯಾಲಿಂದ. ಪೌಡರ್ ಕೋಟಿಂಗ್ ಅಂದ್ರ ಸುಟ್ಟು ಕೂಡಿಸಿದ ಪ್ಲಾಸ್ಟಿಕ್, ಅದರಾಗ ಕರೆಂಟ್ ಹಾಯೂದಿಲ್ಲ. ಬೋಲ್ಟಿನ ನೂಲಿನೊಳಗ ಎಲ್ಲೋ ಒಂದು ಕಡೆ ಕಬ್ಬಿಣ ತಾಗಿ ಅರೆಬರೆ ದಾರಿ ಸಿಕ್ಕೈತಿ, ಅಷ್ಟ.

ಬ್ರೇಕ್ ತುಳಿದ್ರ ಸ್ಪೀಡೊಮೀಟರ್ ಬಲ್ಬ್ ಹತ್ತೂದು ಪಕ್ಕಾ ಗುರುತು. ಟೇಲ್ ಲೈಟ್ ಹೋಲ್ಡರಿಗೆ ಅರ್ಥ್ ಇಲ್ಲ. ಬ್ರೇಕ್ ಫಿಲಮೆಂಟಿಗೆ ಬಂದ ಕರೆಂಟಿಗೆ ಹೊರಗ ಹೋಗಾಕ ದಾರಿ ಇಲ್ಲದ, ಅದ ಬಲ್ಬಿನ ಟೇಲ್ ಫಿಲಮೆಂಟ್ ಹಾದು, ಟೇಲ್ ವಾಯರ್ ಹಿಡದು ಹಿಂದಕ್ಕ ಬಂದು, ಸ್ಪೀಡೊಮೀಟರ್ ಬಲ್ಬಿನೊಳಗ ಅರ್ಥ್ ಹುಡಿಕ್ಕೊಂಡೈತಿ.

ಇನ್ನ ಬಲ್ಬ್ ಸುಡೂದು, ನೀರು ಇಳಿಯೂದು. ರೆಗ್ಯುಲೇಟರ್ ಡಬ್ಬಿ (ಡೈನಮೊ ವೋಲ್ಟೇಜನ್ನ ಹದ್ದಿನ್ಯಾಗ ಇಡೂದು) ವೋಲ್ಟೇಜ್ ಅಳಿಯೂದು ತನ್ನ ಅರ್ಥಿಗೂ ಡೈನಮೊ ಪ್ಲಸ್‌ಗೂ ನಡುವ. ಅದರ ಬೋಲ್ಟ್ ಕೆಳಗ ಬಣ್ಣ ಇದ್ರ ಅದಕ್ಕ ಖರೇ ವೋಲ್ಟೇಜಿಗಿಂತ ಕಡಿಮಿ ಕಾಣತೈತಿ. "ಇನ್ನೂ ಸಾಲದು" ಅಂತ ಫೀಲ್ಡ್ (ಡೈನಮೊದೊಳಗಿನ ಅಯಸ್ಕಾಂತದ ಸುತ್ತು) ಬಿಗಿ ಹಿಡಿತೈತಿ, ವೋಲ್ಟೇಜ್ ಅತಿ ಏರತೈತಿ. ಅಳತೀಗೋಲು ಹುಸಿ ಆದ್ರ ಅಂಗಡಿಯವನ ತಪ್ಪು ಏನೈತಿ? ಡೈನಮೊ ಹೋಗಿದ್ರ ಬ್ಯಾಟರಿ ನೀರು ಕುದೀತಿದ್ದಿಲ್ಲ ಅನ್ನೂದು ನೆನಪಿಡ್ರಿ.

ಒಂದು ಡಿಜಿಟಲ್ ಮೀಟರ್ ತಗೋರಿ, ಸಸ್ತಾದ್ದ ಸಾಕು. 20 ವೋಲ್ಟ್ ಡಿಸಿ ಮ್ಯಾಲೆ ಇಡ್ರಿ. ಕರಿ ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮ್ಯಾಲ, ತಂತಿ ಮ್ಯಾಲ ಅಲ್ಲ, ಕಂಬದ ಮ್ಯಾಲ. ಹೆಡ್‌ಲೈಟ್ ಹಚ್ಚಿ, ಬ್ರೇಕ್ ತುಳಿದು, ಕೆಂಪು ಕಡ್ಡೀನ ಒಂದೊಂದ ಕಡೆ ಮುಟ್ಟಿಸ್ರಿ: ಹೆಡ್‌ಲೈಟ್ ಬಲ್ಬ್ ಹೋಲ್ಡರ್, ಟೇಲ್ ಹೋಲ್ಡರ್, ಹಾರ್ನ್ ಪಟ್ಟಿ. ಆಮ್ಯಾಲ ಇಂಜಿನ್ ಚಾಲೂ ಇಟ್ಟು ಇಂಜಿನ್ ಬಾಡಿ, ರೆಗ್ಯುಲೇಟರ್ ಅರ್ಥ್. 0.1 ವೋಲ್ಟಿಗಿಂತ ಜಾಸ್ತಿ ಎಲ್ಲಿ ತೋರಸ್ತೈತಿ, ಅಲ್ಲಿ ರೋಗ. ಓಮ್ಸ್ ಮ್ಯಾಲೆ ಇಟ್ಟು ನೋಡಬ್ಯಾಡ್ರಿ, ಒಂದು ಎಳಿ ತಾಗಿದ್ರೂ ಅದು ಸೊನ್ನೆ ತೋರಿಸಿ ಮೋಸ ಮಾಡ್ತೈತಿ. ಲೋಡ್ ಇದ್ದಾಗ ಅಳದ್ರ ಖರೇ ಗೊತ್ತಾಗತೈತಿ.

ಉಪಾಯ: ಹೊಸಾ ಬಣ್ಣ ಕೆರಿಯೂಕಿಂತ ಬ್ಯಾರೆ ಅರ್ಥ್ ವಾಯರ್ ಎಳೀರಿ. ಬ್ಯಾಟರಿ ಮೈನಸ್‌ನಿಂದ ಇಂಜಿನ್ ಕೇಸಿನ ಒಂದು ಬೋಲ್ಟಿಗೆ 4 ಚದರ ಮಿ.ಮೀ. ವಾಯರ್. ಇದು ಎಲ್ಲಾಕಿಂತ ಮುಖ್ಯ, ಯಾಕಂದ್ರ ಡೈನಮೊದ ಮೈನಸ್ ಇಂಜಿನ್ ಬಾಡೀನ. ಇಂಜಿನ್ ಕೂಡೂ ಕಿವಿಗಳಿಗೂ ಈಗ ಪೌಡರ್ ಕೋಟಿಂಗ್ ಆಗೈತಿ, ಹೌದಿಲ್ಲ? ಅಲ್ಲಿಂದ 2.5ರ ಕರಿ ವಾಯರ್ ಹೆಡ್‌ಲೈಟ್ ಡೋಮಿಗೆ, 1.5ರದು ಟೇಲ್ ಹೋಲ್ಡರಿಗೆ, ಇನ್ನೊಂದು 1.5 ರೆಗ್ಯುಲೇಟರಿಗೆ. ತುದೀಗೆ ರಿಂಗ್ ಥಿಂಬಲ್, ಸ್ಟಾರ್ ವಾಷರ್. ಕೂಡೂ ಜಾಗ ಮಾತ್ರ ಕಬ್ಬಿಣ ಹೊಳಿಯೂ ತನಕ ಕೆರದು, ಬಿಗಿ ಮಾಡಿದ ಮ್ಯಾಲ ವ್ಯಾಸ್ಲಿನ್ ಸವರ್ರಿ. ಮೊದಲ ಸವರಬ್ಯಾಡ್ರಿ.

ಬಿಚ್ಚೂ ಮುಂಚೆ ಬ್ಯಾಟರಿಯ ಯಾವ ಕಂಬ ಬಾಡಿಗೆ ಹೋಗೈತಿ ಅಂತ ಫೋಟೋ ತಗೀರಿ. ಉಲ್ಟಾ ಕೊಟ್ರ ಡೈನಮೊದ ಉಳಿಕಿ ಅಯಸ್ಕಾಂತ ತಿರುಗಿ ಕೂಡತೈತಿ.


ಸಪ್ತಾಪುರ:

ಮೇಲಿನವರು ಹೇಳಿದ್ದು ಸರಿ. ಆದರೆ 50 ವರ್ಷದ ಹಳೆಯ ವಾಯರನ್ನು ಅರ್ಥ್ ಸರಿಮಾಡಿ ಹಾಗೇ ಉಳಿಸಿಕೊಳ್ಳುವುದು ಬೇಡ. ಒಳಗಿನ ತಾಮ್ರ ಕಪ್ಪಾಗಿರುತ್ತದೆ, ಸಿಪ್ಪೆ ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ. ಪೂರ್ತಿ ಹೊಸದು ಮಾಡಿದರೂ ನಿಮ್ಮ ಬಜೆಟ್ಟಿನ ಸಣ್ಣ ಪಾಲು ಮಾತ್ರ ಹೋಗುತ್ತದೆ.

ಮೊದಲು ಲೆಕ್ಕ. ಡೈನಮೊ 45 ವ್ಯಾಟ್ ಅಂತ ಹಿಡಿಯಿರಿ, ಅಂದರೆ 6 ವೋಲ್ಟಿಗೆ 7.5 ಆಂಪಿಯರ್. ಕಿಡಿ ಹುಟ್ಟಿಸುವ ಕಾಯಿಲ್ ಸರಾಸರಿ 2 ಆಂಪಿಯರ್ ಕುಡಿಯುತ್ತದೆ. ಟೇಲ್ 5 ವ್ಯಾಟ್, 0.8 ಆಂಪಿಯರ್. ಹೆಡ್‌ಲೈಟ್ 25 ವ್ಯಾಟಿನದಾದರೆ 4.2, 35ರದಾದರೆ 5.8. ಅಂದರೆ 25ರ ಬಲ್ಬಿಗೆ ಒಟ್ಟು 7, ಸರಿಹೋಯಿತು. 35ಕ್ಕೆ 8.6, ಬ್ಯಾಟರಿಯಿಂದ ಸಾಲ. ಅದರ ಮೇಲೆ ಬ್ರೇಕ್ ಲೈಟ್ 21 ವ್ಯಾಟಿನದಾದರೆ ತುಳಿದಾಗಲೆಲ್ಲ 3.5 ಆಂಪಿಯರ್. ಹಾಗಾಗಿ ಟೇಲ್-ಬ್ರೇಕ್ ಬಲ್ಬನ್ನೂ ಇಂಡಿಕೇಟರನ್ನೂ 6 ವೋಲ್ಟಿನ ಎಲ್‌ಇಡಿ ಮಾಡಿ, ಉಳಿದದ್ದನ್ನು ಹೆಡ್‌ಲೈಟಿಗೆ ಬಿಡಿ. ಹಳೆಯ ಫ್ಲ್ಯಾಶರ್ ಎಲ್‌ಇಡಿಗೆ ಮಿನುಗುವುದಿಲ್ಲ. ಅದು ಬಲ್ಬಿನ ಕರೆಂಟಿನಿಂದ ಬಿಸಿಯಾಗಿ ಕೆಲಸ ಮಾಡುವಂಥದ್ದು. 6 ವೋಲ್ಟಿಗೆ ನಡೆಯುವ ಎಲೆಕ್ಟ್ರಾನಿಕ್ ಫ್ಲ್ಯಾಶರೇ ಬೇಕು.

ಎಲ್‌ಇಡಿ ಹೆಡ್‌ಲೈಟ್ ಆಸೆ ಬಿಡಿ ಎನ್ನುತ್ತೇನೆ. ಹಳೆಯ ರಿಫ್ಲೆಕ್ಟರಿನಲ್ಲಿ ಫಿಲಮೆಂಟ್ ಇದ್ದ ಜಾಗದಲ್ಲೇ ಎಲ್‌ಇಡಿ ಚಿಪ್ ಕೂರದಿದ್ದರೆ ಬೆಳಕು ಮರದ ತುದಿಗೂ ಎದುರಿನವರ ಕಣ್ಣಿಗೂ ಹೋಗುತ್ತದೆ, ರಸ್ತೆಗಲ್ಲ. ವೋಲ್ಟೇಜ್ ಪೂರ್ತಿ ತಲುಪಿದರೆ ಹಳೆಯ ಬಲ್ಬೇ ಸಾಕು. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ. 6 ವೋಲ್ಟಿನಲ್ಲಿ 10% ಅಂದರೆ ಬರೀ 0.6 ವೋಲ್ಟ್. ನಾಲ್ಕು ಕಿಲುಬು ಹಿಡಿದ ಜೋಡಣೆಗಳು ಸಾಕು ಅಷ್ಟು ತಿನ್ನಲು.

ವಾಯರ್ ದಪ್ಪವೂ ಅದೇ ಕಾರಣಕ್ಕೆ ಮುಖ್ಯ. 0.5 ಚದರ ಮಿ.ಮೀ. ತಾಮ್ರದ ತಂತಿ 2 ಮೀಟರ್ ಉದ್ದಕ್ಕೆ, 5.8 ಆಂಪಿಯರಿಗೆ 0.4 ವೋಲ್ಟ್ ನುಂಗುತ್ತದೆ. 1.5ರ ತಂತಿ 0.15 ಕೂಡ ನುಂಗುವುದಿಲ್ಲ. ಮಾರುಕಟ್ಟೆಯ ರೆಡಿಮೇಡ್ ಸೆಟ್ ಕೊಳ್ಳುವವರು ಒಂದು ತುದಿ ಸುಲಿದು ಎಳೆ ನೋಡಿ. ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಈಗ "ಒರಿಜಿನಲ್" ಅಂತ ಸಿಗುವ ಹೊಸ ವಾಯರಿಂಗ್ ಬಹುತೇಕ ನಕಲು.

ತರಬೇಕಾದ್ದು: ಬ್ಯಾಟರಿಯಿಂದ ಕೀ ಸ್ವಿಚ್ಚಿಗೆ ಮತ್ತು ಡೈನಮೊದಿಂದ ರೆಗ್ಯುಲೇಟರಿಗೆ 2.5ರ ಕೆಂಪು, 3 ಮೀಟರ್. ಹೆಡ್‌ಲೈಟ್, ಡಿಪ್ ಸ್ವಿಚ್, ಹಾರ್ನ್, ಕಾಯಿಲಿಗೆ 1.5ರದ್ದು ನಾಲ್ಕು ಬಣ್ಣ, ತಲಾ 3 ಮೀಟರ್. ಟೇಲ್, ಬ್ರೇಕ್, ಇಂಡಿಕೇಟರಿಗೆ 1 ಚದರದ್ದು ನಾಲ್ಕು ಬಣ್ಣ, ತಲಾ 3 ಮೀಟರ್. ಮೇಲೆ ಹೇಳಿದ ಅರ್ಥ್ ವಾಯರುಗಳು ಬೇರೆ. ಬುಲೆಟ್ ಕನೆಕ್ಟರ್ 30 ಜೋಡಿ, ರಿಂಗ್ ಥಿಂಬಲ್ ಹತ್ತು, ಹೀಟ್ ಶ್ರಿಂಕ್ 2 ಮೀಟರ್, ಕಪ್ಪು ಪಿವಿಸಿ ಸ್ಲೀವ್ 3 ಮೀಟರ್, ಬ್ಲೇಡ್ ಫ್ಯೂಸ್ ಹೋಲ್ಡರ್ ಒಂದು, 15 ಆಂಪಿಯರ್ ಫ್ಯೂಸ್ ಎರಡು. ಫ್ಯೂಸ್ ಬ್ಯಾಟರಿ ಪ್ಲಸ್‌ನಿಂದ ಗೇಣುದ್ದದೊಳಗೆ ಇರಲಿ. ವಾಹನದ ವಾಯರನ್ನೇ ಕೊಳ್ಳಿ. ಮನೆ ವಾಯರಿಂಗಿನ ತಂತಿಯಲ್ಲಿ ಎಳೆ ಕಡಿಮೆ, ಒಂದೊಂದೂ ದಪ್ಪ. ಇಂಜಿನ್ ನಡುಕಕ್ಕೆ ಜೋಡಣೆಯ ಬಾಯಲ್ಲೇ ಮುರಿಯುತ್ತದೆ.

ಹಳೆಯ ವಾಯರಿಂಗನ್ನು ಕತ್ತರಿಸದೆ, ಪ್ರತಿ ತುದಿಗೆ ಕಾಗದದ ಟೇಪು ಸುತ್ತಿ ಹೆಸರು ಬರೆದು, ಇಡಿಯಾಗಿ ಹೊರಗೆ ತೆಗೆಯಿರಿ. ಪ್ಲೈವುಡ್ ಹಲಗೆ ಮೇಲೆ ಹಾಸಿ ಕವಲೊಡೆದಲ್ಲೆಲ್ಲ ಮೊಳೆ ಹೊಡೆಯಿರಿ. ಆ ಮೊಳೆಗಳ ದಾರಿಯಲ್ಲೇ ಹೊಸ ತಂತಿ ಎಳೆದು, ಪ್ರತಿ ಕವಲಿಗೂ ನಾಲ್ಕು ಬೆರಳು ಜಾಸ್ತಿ ಬಿಟ್ಟು ಕಟ್ಟಿ. ತುದಿಗಳನ್ನು ಕ್ರಿಂಪ್ ಮಾಡುವುದು ಗಾಡಿ ಮೇಲೆ ಕೂರಿಸಿದ ಮೇಲೆ, ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದ ಮೇಲೆ. ಬೆಸುಗೆ ಬೇಡ, ಸೀಸ ತಂತಿಯೊಳಗೆ ಏರಿ ಅಲ್ಲಿ ಸೆಡೆದು ನಿಲ್ಲುತ್ತದೆ. ಅದರ ಅಂಚಿನಲ್ಲೇ ಮುರಿಯುವುದು. ಕಪ್ಪು ಪಿವಿಸಿ ಟೇಪಂತೂ ಬೇಡವೇ ಬೇಡ, ಏಪ್ರಿಲ್ ಬಿಸಿಲಿಗೆ ಅಂಟು ಕರಗಿ ಬೆಲ್ಲದ ಪಾಕದಂತೆ ಕೈಗೆ ಹತ್ತುತ್ತದೆ.


ಬೆಟಗೇರಿ_ಸವಾರ:

12 ವೋಲ್ಟನ್ನ ಇಷ್ಟು ಹಗುರಾಗಿ ತಳ್ಳಿ ಹಾಕಬ್ಯಾಡ್ರಿ. ಅದ ವ್ಯಾಟಿಗೆ ಅರ್ಧ ಕರೆಂಟ್, ವಾಯರ್ ನುಂಗೂದು ಕಡಿಮಿ. ಬಲ್ಬ್, ಹಾರ್ನ್, ಫ್ಲ್ಯಾಶರ್ ಯಾವ ಹಳ್ಳಿ ಅಂಗಡ್ಯಾಗೂ ಸಿಗ್ತಾವ. 6 ವೋಲ್ಟ್ ಬಲ್ಬ್ ಸುಟ್ರ ಅಣ್ಣಿಗೇರ್ಯಾಗ ರಾತ್ರಿ ಎಂಟಕ್ಕ ಎಲ್ಲಿ ಹುಡುಕತೀರಿ?

ಆದ್ರ 8,000ದಾಗ ಆಗೂ ಮಾತಲ್ಲ, ಅದನ್ನೂ ಹೇಳಿಬಿಡ್ತೀನಿ. ಡೈನಮೊ ತಗದು ಆಲ್ಟರ್ನೇಟರ್, ಎಲೆಕ್ಟ್ರಾನಿಕ್ ಇಗ್ನಿಷನ್ ಎರಡೂ ಕೂಡೇ ಬರೂ ಕಿಟ್ ಚಲೋ ಇರ್ತಾವ, ನಿಮ್ಮ ಬಜೆಟ್ಟಿನ ಎರಡು ಪಟ್ಟು ದಾಟಿ ಹೋಗ್ತಾವ. ಸಸ್ತಾ ದಾರಿ ಅಂತ ಹಳೇ ಡೈನಮೊಕ್ಕ 12 ವೋಲ್ಟಿನ ರೆಗ್ಯುಲೇಟರ್, ಕಾಯಿಲ್ ಅಷ್ಟ ಹಾಕಿ ಕೊಡ್ತಾರ. ಅದು ನಡೀತೈತಿ, ಆದ್ರ ಚಾರ್ಜ್ ಶುರು ಆಗಾಕ ಇಂಜಿನ್ ಮೊದಲಿಗಿಂತ ಭಾಳ ಜೋರ್ ತಿರಗಬೇಕು. ಗದಗ ರೋಡಿಗೆ ಅಡ್ಡಿಯಿಲ್ಲ. ಹುಬ್ಬಳ್ಳಿ ಸಿಗ್ನಲ್‌ಗಳ ನಡುವ ಬ್ಯಾಟರಿ ಖಾಲಿ. ಫೀಲ್ಡ್ ಕಾಯಿಲಿಗೆ ಪೂರಾ 12 ವೋಲ್ಟ್ ಬಿದ್ರ ನಾಲ್ಕು ಪಟ್ಟು ಬಿಸಿ ಏರತೈತಿ, ಸುಡೂದು ಅದಕ್ಕ.

ಇನ್ನೊಂದು, ನಮ್ಮ ಕಡೆ ಎರೆಮಣ್ಣಿನ ಮಾತು. ಟೇಲ್ ಲೈಟ್ ವಾಯರ್ ಹಿಂದಿನ ಮಡ್‌ಗಾರ್ಡಿನ ಒಳಮೈಗೆ ತಗಡಿನ ಕಿವಿಯೊಳಗ ಹಾದು ಹೋಗಿದ್ರ, ಮಳಿಗಾಲದಾಗ ಗಾಲಿ ಮ್ಯಾಲಿನ ಎರಿ ಅದನ್ನ ಅರದ ಹಾಕತೈತಿ. ಒಂದು ಸಲ ಮಣ್ಣು ಮೆತ್ತಿಕೊಂಡು ಒಣಗಿದ್ರ ಕಲ್ಲಿನಂಗ, ಮುಂದಿನ ಕುಣಿಗೆ ವಾಯರ್ ಕಿತ್ತಕೊಂಡ ಬೀಳ್ತೈತಿ. ಸೈಕಲ್ ಬ್ರೇಕಿನ ಹೊರ ಕೇಬಲ್ ಇಲ್ಲಾ ತೆಳು ನೈಲಾನ್ ಪೈಪಿನೊಳಗ ಆ ಎರಡು-ಮೂರು ವಾಯರ್ ಹಾಯಿಸಿ, ಮಡ್‌ಗಾರ್ಡಿನ ಮೂಲೀಗೆ ಒತ್ತಿ ಕೂಡಿಸ್ರಿ. ತೂತು ಇದ್ದಲ್ಲೆಲ್ಲಾ ರಬ್ಬರ್ ಬುಶ್ ಬೇಕ ಬೇಕು, ತಗಡಿನ ತೂತಿನ ಅಂಚು ಬ್ಲೇಡಿನಂಗ ಇರ್ತೈತಿ.


ನವನಗರ_250:

ಅಳದು ನೋಡಿದೆ. ಹೆಡ್‌ಲೈಟ್ ಹೋಲ್ಡರ್ 0.7 ವೋಲ್ಟ್. ಇಂಜಿನ್ ಬಾಡಿ 0.3. ರೆಗ್ಯುಲೇಟರ್ ಬೋಲ್ಟ್ 1.1! ಟೇಲ್ ಹೋಲ್ಡರ್ ಪೂರಾ ಕಟ್. ಜೋರ್ ರೇಸ್ ಕೊಟ್ರ ಬ್ಯಾಟರಿ ಮ್ಯಾಲೆ 8.3 ಬರ್ತಿತ್ತು.

ಅರ್ಥ್ ವಾಯರ್ ನಾಲ್ಕೂ ಎಳದ ಮ್ಯಾಲ ಎಲ್ಲಾ ಕಡೆ 0.05ರ ಒಳಗ. ಬ್ಯಾಟರಿ ಮ್ಯಾಲೆ 7.2, ಎಷ್ಟ ರೇಸ್ ಕೊಟ್ರೂ ಅಲ್ಲೇ ನಿಲ್ತೈತಿ. ಹಾರ್ನ್ ಸರಿ ಆತು, ಬ್ರೇಕ್ ತುಳಿದ್ರ ಸ್ಪೀಡೊಮೀಟರ್ ಬಲ್ಬ್ ಹತ್ತೂದಿಲ್ಲ. ಉಳಿದಿದ್ದು ಎರಡು: ಸ್ಲೋದಾಗ ಚಾರ್ಜಿಂಗ್ ಕೆಂಪು ದೀಪ ಹತ್ತಿ ಹತ್ತಿ ಆರತೈತಿ, ಡೈನಮೊ ಮುಚ್ಚಳ ತಗದ್ರ ಒಳಗ ಎಣ್ಣಿ ಪಸಿ ಐತಿ.


ಆರು_ವೋಲ್ಟ್:

1.1 ಅಲ್ಲಿ ಕಳಿತಿತ್ತು, ಅಷ್ಟ ಇಲ್ಲಿ ಏರಿತ್ತು. ಲೆಕ್ಕ ಕೂಡಿತು. ರೆಗ್ಯುಲೇಟರ್ ಮುಟ್ಟಬ್ಯಾಡ್ರಿ, ಅದು ಆರೋಗ್ಯ ಐತಿ. ಬಿಚ್ಚಿ ಸ್ಕ್ರೂ ತಿರುವಿದ್ರ ಮುಗೀತು.

ಕೆಂಪು ದೀಪ ಪೂರಾ ಸ್ಲೋದಾಗ ಹತ್ತೂದು ಸಹಜ, ಡೈನಮೊ ಇನ್ನೂ ಬ್ಯಾಟರಿ ಮಟ್ಟಕ್ಕ ಬಂದಿರೂದಿಲ್ಲ. ಸ್ವಲ್ಪ ರೇಸ್ ಕೊಟ್ರೂ ಮಿನುಗಿದ್ರ ಕಾರ್ಬನ್ ಬ್ರಷ್, ಅದು ಉಜ್ಜೂ ತಾಮ್ರದ ಉರುಳಿ (ಕಮ್ಯುಟೇಟರ್) ನೋಡ್ರಿ. ಬ್ರಷ್ ತನ್ನ ಗೂಡಿನೊಳಗ ಬೆರಳಿಂದ ಒತ್ತಿ ಬಿಟ್ರ ಟಪ್ ಅಂತ ವಾಪಸ್ ಬರಬೇಕು. ಕಮ್ಯುಟೇಟರ್ ತಾಮ್ರ ಕರ್ರಗಾಗಿದ್ರ ನುಣುಪು ಗಾಜಿನ ಕಾಗದದಿಂದ ಉಜ್ರಿ. ಕರಿ ಎಮರಿ ಬ್ಯಾಡ, ಅದರ ಪುಡಿ ಸಂದಿನ್ಯಾಗ ಕೂತು ಶಾರ್ಟ್ ಮಾಡ್ತೈತಿ. ಆಮ್ಯಾಲ ತಾಮ್ರದ ಪಟ್ಟಿಗಳ ನಡುವಿನ ಮೈಕಾ ನೋಡ್ರಿ. ತಾಮ್ರ ಸವದು ಮೈಕಾ ಎತ್ತರ ನಿಂತಿದ್ರ ಬ್ರಷ್ ಅದರ ಮ್ಯಾಲ ಕುಣಿತೈತಿ. ಮುರದ ಗರಗಸದ ಬ್ಲೇಡಿನ ಹಲ್ಲನ್ನ ಬದೀಲೆ ಸವಿಸಿ ತೆಳ್ಳಗ ಮಾಡಿ, ಒಂದೊಂದ ಸಂದನ್ನ ಅರ್ಧ ಮಿ.ಮೀ. ಆಳಕ್ಕ ಕೆರೀರಿ. ಪೆಟ್ರೋಲ್ ಅರಿವಿಯಿಂದ ಒರಸ್ರಿ. ತಾಸು ಕೂತು ಮಾಡೂ ಕೆಲಸ.

ಇದರಾಗೂ ಬರಲಿಲ್ಲಂದ್ರ ಡೈನಮೊ ಒಂದನ್ನ ಪರೀಕ್ಷೆ ಮಾಡಬಹುದು. ಎರಡೂ ವಾಯರ್ ಬಿಚ್ಚಿ, ಬ್ರಷ್ ಎತ್ತಿ, ಫೀಲ್ಡ್ ಟರ್ಮಿನಲ್‌ದಿಂದ ಬಾಡಿಗೆ ಮೀಟರ್ ಹಿಡೀರಿ. ಕೆಲವು ಓಮ್ಸ್ ತೋರಿಸಿದ್ರ ಫೀಲ್ಡಿನ ಇನ್ನೊಂದು ತುದಿ ಒಳಗ ಅರ್ಥ್ ಆಗೈತಿ, ಆವಾಗ ಪರೀಕ್ಷೆಗೆ ಫೀಲ್ಡನ್ನ ಆರ್ಮೇಚರ್ (ಡೈನಮೊದ ತಿರಗೂ ಸುತ್ತು) ಟರ್ಮಿನಲ್ಲಿಗೆ ಕೂಡಿಸಬೇಕು. ಬಾಡಿಗೆ ಏನೂ ತೋರಿಸದ ಪ್ಲಸ್ ಬ್ರಷ್ಷಿಗೆ ತೋರಿಸಿದ್ರ ಫೀಲ್ಡನ್ನ ಬಾಡಿಗೆ ಕೂಡಿಸಬೇಕು. ಇದನ್ನ ನೋಡದ ಯಾರದೋ ಮಾತು ಕೇಳಿ ಕೂಡಿಸಬ್ಯಾಡ್ರಿ. ಬ್ರಷ್ ವಾಪಸ್ ಇಳಿಸಿ, ಆರ್ಮೇಚರ್ ಟರ್ಮಿನಲ್ಲಿಗೂ ಬಾಡಿಗೂ 21 ವ್ಯಾಟ್ ಬಲ್ಬ್ ಹಚ್ಚಿ ಸಾವಕಾಶ ರೇಸ್ ಕೊಡ್ರಿ. ಬಲ್ಬ್ ಝಗ್ ಅಂದ್ರ ಡೈನಮೊ ಗಟ್ಟಿ. ನಾಕೈದು ಸೆಕೆಂಡಿನ ಮ್ಯಾಲೆ ಬ್ಯಾಡ, ಆವಾಗ ಅದಕ್ಕ ಹಗ್ಗ ಹಿಡಿಯವ್ರು ಯಾರೂ ಇರೂದಿಲ್ಲ.

ಎಣ್ಣಿ ಪಸಿ ಮಾತ್ರ ಸಣ್ಣ ಮಾತಲ್ಲ. ಡೈನಮೊ ಬದಿಯ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟಿನ ಸುತ್ತ ಗಾಳಿ, ಎಣ್ಣಿ ತಡಿಯೂ ರಬ್ಬರ್ ಉಂಗುರ) ಸೋರಾಕತ್ತೈತಿ. ಪೆಟ್ರೋಲ್-ಎಣ್ಣಿ ಹೊರಗ ಬಂದು ಪಾಯಿಂಟ್ ಮ್ಯಾಲ ಕೂತ್ರ ಕಿಡಿ ಮಂದ ಆಗತೈತಿ, ಅದು ಕಾಣೂ ತ್ರಾಸ. ಕಾಣದ್ದು ಅಂದ್ರ ಅದ ಸೀಲಿನಿಂದ ಒಳಗ ಗಾಳಿ ಎಳ್ಕೋತೈತಿ, ಮಿಕ್ಸ್ಚರ್ ತೆಳು ಆಗಿ ಪಿಸ್ಟನ್ ಜಾಮ್ ಆಗತೈತಿ. ತಗ್ಗು ಹ್ಯಾಂಡಲ್, ಸಿಂಗಲ್ ಸೀಟ್, ಅವೆಲ್ಲಾ ಆಮ್ಯಾಲ. ಮೊದಲ ಸೀಲ್ ಹಾಕಸ್ರಿ. ಹೆಂಗೂ ಬಿಚ್ಚಿರ್ತೀರಿ, ಪಾಯಿಂಟ್ 0.4 ಮಿ.ಮೀ. ಫೀಲರ್ ಗೇಜಿಗೆ ಬಿಗಿ ಮಾಡಿ, ಆಮ್ಯಾಲ ಟೈಮಿಂಗ್ ನೋಡ್ರಿ. ಗ್ಯಾಪ್ ಬದಲಾದ್ರ ಟೈಮಿಂಗ್ ಬದಲಾಗತೈತಿ, ಉಲ್ಟಾ ಕ್ರಮದಾಗ ಮಾಡಿದ್ರ ಎರಡು ಸಲ ಕೆಲಸ. ಕೀ ಆನ್ ಬಿಟ್ಟು ಊಟಕ್ಕ ಹೋಗಬ್ಯಾಡ್ರಿ, ಪಾಯಿಂಟ್ ಮುಚ್ಚಿ ನಿಂತಿದ್ರ ಕಾಯಿಲಿನ್ಯಾಗ 3 ಆಂಪಿಯರಿನ ಮ್ಯಾಲೆ ಸುಮ್ಮನ ಹರದು ಕಾಯಿಲ್ ಸುಡತೈತಿ.


ಹಾವೇರಿ_27:

ಸೀಟು, ಹ್ಯಾಂಡಲ್ ವಿಷಯಕ್ಕೆ ಯಾರೂ ಬರಲಿಲ್ಲ, ಹೇಳುತ್ತೇನೆ.

ಚಾಸಿಗೆ ಗರಗಸ ಹಚ್ಚಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಎರಡು ಸೀಟಿನದು ಒಂದಾದರೆ ಅದೂ ವಿವರವೇ, ಬಣ್ಣವೂ ವಿವರವೇ. ಪೌಡರ್ ಕೋಟಿಂಗ್ ಬಣ್ಣ ಆರ್‌ಸಿಯಲ್ಲಿರುವುದಕ್ಕಿಂತ ಬೇರೆಯಾಗಿದ್ದರೆ ನಿಮ್ಮ ಆರ್‌ಟಿಓದಲ್ಲಿ (ನಂಬರ್ ಕೆಎ 25 ಇರಲಿ, 63 ಇರಲಿ) ಬರೆಸಿಕೊಳ್ಳಿ. 15 ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ತಪಾಸಣೆಯಲ್ಲಿ ಕಣ್ಣಿಗೆ ಬೀಳುವುದು ಇಂಥವೇ.

1975ರ ಗಾಡಿ 50 ವರ್ಷದ ಗಡಿಯಲ್ಲಿದೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮಕ್ಕೆ 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು. ಆದರೆ ಆ ನೋಂದಣಿ ಮಾಡಿಸಿದರೆ ದಿನಾ ಹುಬ್ಬಳ್ಳಿ-ಧಾರವಾಡ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿಗೆ ಮಾತ್ರ. ಹಾಗಾಗಿ ನಿಮಗೆ ಈಗ ಬೇಡ. ಮುಂದೆ ಬೇಕೆನಿಸಿದರೆ ಬಾಗಿಲು ಮುಚ್ಚಿಕೊಳ್ಳಬೇಡಿ, ಅಷ್ಟೆ. ಹಳೆಯ ಸೀಟಿನ ಸ್ಪಂಜನ್ನೇ ತೆಳ್ಳಗೆ ಮಾಡಿಸಿ ಹೊಸ ರೆಕ್ಸಿನ್ ಹೊಲಿಸಿದರೆ ಅರ್ಧ ನೋಟ ಬಂದೇಬಿಡುತ್ತದೆ, ತಳದ ತಗಡು ಮೂಲದ್ದೇ ಇರುತ್ತದೆ.

ತಗ್ಗು ಹ್ಯಾಂಡಲ್ ಹಾಕಿದರೆ ಕ್ಲಚ್, ಆಕ್ಸಿಲರೇಟರ್, ಮುಂದಿನ ಬ್ರೇಕ್ ಕೇಬಲ್ ಉದ್ದವಾಗಿ ಹೆಡ್‌ಲೈಟ್ ಮುಂದೆ ಬಿಲ್ಲಿನಂತೆ ಬಾಗುತ್ತವೆ. ಹ್ಯಾಂಡಲ್ ತಿರುಗಿಸಿದಾಗ ಆಕ್ಸಿಲರೇಟರ್ ತಾನೇ ಏರುತ್ತಿದ್ದರೆ ಕೇಬಲ್ ಎಲ್ಲೋ ಸಿಕ್ಕಿದೆ ಎಂದರ್ಥ. ಸ್ವಿಚ್ಚಿನ ವಾಯರ್ ಹ್ಯಾಂಡಲ್ಲಿನೊಳಗೆ ಹಾಯಿಸುವ ಆಸೆಗೆ ಪೈಪಿಗೆ ತೂತು ಕೊರೆಸುತ್ತಾರೆ; ಕ್ಲ್ಯಾಂಪಿನ ಹತ್ತಿರ ಕೊರೆದರೆ ಪೈಪ್ ಅಲ್ಲೇ ಸೀಳುತ್ತದೆ. ಹೊರಗೇ ಕಟ್ಟಿ.


ನವನಗರ_250:

ಎಲ್ಲಾರಿಗೂ ಉಪಕಾರ ಆತು. ಸೀಲ್ ಮೊದಲು, ಆಮ್ಯಾಲ ವಾಯರಿಂಗ್, ಸೀಟ್ ಹಳೇದ. ಕಡೀ ಪ್ರಶ್ನೆ: ಮೊಬೈಲ್ ಚಾರ್ಜರ್ 6 ವೋಲ್ಟಿನ್ಯಾಗ ಆಗತೈತಿ?


ಸಪ್ತಾಪುರ:

ಕಾರಿಗೆ ಬರುವ ಚಾರ್ಜರ್ ಆಗುವುದಿಲ್ಲ. ಅದು 12ರಿಂದ 5ಕ್ಕೆ ಇಳಿಸುವಂಥದ್ದು, ಬ್ಯಾಟರಿ 6ರ ಕೆಳಗೆ ಇಳಿದರೆ ಸುಮ್ಮನಾಗುತ್ತದೆ. ಏರಿಸುವುದನ್ನೂ ಇಳಿಸುವುದನ್ನೂ ಮಾಡುವ ಮಾಡ್ಯೂಲ್ ಬೇಕು: ಒಳಗೆ 4ರಿಂದ 12 ವೋಲ್ಟ್ ತಗೊಂಡು 5 ವೋಲ್ಟ್ ಕೊಡುವಂಥದ್ದು. ಕೀ ಸ್ವಿಚ್ಚಿನ ಆಚೆಯಿಂದ 2 ಆಂಪಿಯರ್ ಫ್ಯೂಸ್ ಹಾಕಿ ಎಳೆಯಿರಿ. ಫೋನಿಗೆ 1 ಆಂಪಿಯರ್ ಕೊಟ್ಟರೆ ಗಾಡಿಯಿಂದಲೂ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. ಹಗಲು ಪರವಾಗಿಲ್ಲ. ರಾತ್ರಿ ಹೆಡ್‌ಲೈಟ್ 35ರದು ಹಾಕಿದ್ದರೆ ಚಾರ್ಜರ್ ತೆಗೆದಿಡಿ.


ಬೆಟಗೇರಿ_ಸವಾರ:

ಹೆಡ್‌ಲೈಟ್ ಬಲ್ಬ್ ಒಂದು, ಟೇಲ್ ಒಂದು, 15ರ ಫ್ಯೂಸ್ ಎರಡು, ಅರಿವಿಯೊಳಗ ಸುತ್ತಿ ಟೂಲ್ ಪೆಟ್ಟಿಗ್ಯಾಗ ಇಡ್ರಿ. ಅಣ್ಣಿಗೇರಿ ಮಾತು ಮರೀಬ್ಯಾಡ್ರಿ.